ಚಿತ್ತವಾಡಗಿ ಮನೆಯ ಬಾಲ್ಕನಿ

ಟಿ.ಬಿ. ಡ್ಯಾಂ
12 ಜೂನ್ 2024

ಪೂಜಿತಾಳ ಅಪ್ಪನಿಗೆ ಕಾವ್ಯಳ ನಮಸ್ಕಾರ.

ಜೈಲಿನಿಂದ ನಿಮಗೆ ಫೋನ್ ಮಾಡಲು ಸಿಗುವ ಐದು ನಿಮಿಷ ಪೂಜಿತಾಳ ಮಾತಿಗೇ ಸಾಲುವುದಿಲ್ಲ. ಬಳ್ಳಾರಿಗೆ ಬಂದು ಎದುರಿಗೆ ನಿಂತರೆ ನನಗೂ ನಿಮಗೂ ಮಾತೇ ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಚಿತ್ತವಾಡಗಿಯ ಮನೆಯ ಬಾಗಿಲು ತೆಗೆಸಿದೆ. ಮೂರು ವರ್ಷದಿಂದ ಯಾರೂ ಮುಟ್ಟದ ಬೀಗ, ಕೀಲಿಕೈ ತಿರುಗಲಿಲ್ಲ, ಒಡೆಸಬೇಕಾಯಿತು. ಮೇಲಿನ ಕೋರ್ಟು ನಿಮ್ಮ ಅಪೀಲನ್ನು ತಳ್ಳಿಹಾಕಿ ಒಂದು ವರ್ಷದ ಶಿಕ್ಷೆಯನ್ನು ಖಾಯಂ ಮಾಡಿದ ದಿನದಿಂದ ಯೋಚಿಸುತ್ತಿದ್ದೆ. ನನ್ನ ಹೊಲಿಗೆಯ ಮಷೀನಿನಿಂದ ಈ ಬಾಡಿಗೆ ಮನೆ, ಪೂಜಿತಾಳ ಶಾಲೆ ಎರಡೂ ನಡೆಯುವುದಿಲ್ಲ. ನಾವು ಆ ಹಳೇ ಮನೆಯನ್ನು ಕೊಂಡಿದ್ದೇ ರಿಪೇರಿ ಮಾಡಿಸಿ ಬಾಡಿಗೆಗೆ ಕೊಡಲೆಂದು ತಾನೆ. ಈಗಲಾದರೂ ಅದನ್ನು ಮುಗಿಸಬೇಕು.

ಒಳಗೆ ಹೋದರೆ ಬಾವಲಿಯ ವಾಸನೆ. ಹಳೇ ಮಾಳಿಗೆಯ ಮಣ್ಣನ್ನು ತೆಗೆಸಿ ನೀವು ಹಾಕಿಸಿದ ಸ್ಲ್ಯಾಬ್ ಗಟ್ಟಿಯಾಗಿಯೇ ಇದೆ. ಆದರೆ ಮೇಲೆ ಕಟ್ಟಬೇಕಿದ್ದ ಗೋಡೆ ಇಲ್ಲ, ಬಾಲ್ಕನಿ ಮುರಿದ ಅಂಚಿನಲ್ಲಿ ಕಬ್ಬಿಣದ ಸರಳುಗಳು ಬಯಲಿಗೆ ಚಾಚಿಕೊಂಡಿವೆ, ಮುಟ್ಟಿದರೆ ಕೆಂಪು ಪುಡಿ ಉದುರುತ್ತದೆ. ಹಿಂದಿನ ಬಾಗಿಲ ಚೌಕಟ್ಟನ್ನು ಗೆದ್ದಲು ತಿಂದಿದೆ. ಕರೆಂಟಿನ ಮೀಟರು ಇನ್ನೂ ಮನೆ ಮಾರಿದವರ ತಂದೆಯ ಹೆಸರಿನಲ್ಲೇ ಇದೆಯಂತೆ. ಅವರು ತೀರಿಕೊಂಡು ಹನ್ನೊಂದು ವರ್ಷ, ಯಾರ ಸಹಿ ತರಲಿ?

ಬಾಲ್ಕನಿ ಬಿದ್ದ ಜಾಗದಲ್ಲಿ, ನಮ್ಮ ಕೆಲಸದಾಳು ರಾಮಾಂಜಿನಿ ಸತ್ತ ಜಾಗದಲ್ಲಿ, ಎಕ್ಕದ ಗಿಡ ಎದೆಯೆತ್ತರ ಬೆಳೆದಿದೆ.

ಮೂವರು ಮಿಸ್ತ್ರಿಗಳನ್ನು ಕೇಳಿದೆ. ಒಬ್ಬರೂ ಒಪ್ಪಲಿಲ್ಲ. ಏನು ಮಾಡಲಿ, ತಿಳಿಸಿ.

ನಿಮ್ಮ
ಕಾವ್ಯ


ಬಳ್ಳಾರಿ
27 ಜೂನ್ 2024

ಕಾವ್ಯ,

ನಿನ್ನ ಪತ್ರ ತಲುಪಿತು. ಕೈಬರಹ ಸ್ವಲ್ಪ ದೊಡ್ಡದಾಗಿ ಬರೆ, ಇಲ್ಲಿ ಬೆಳಕು ಕಡಿಮೆ.

ಮೊದಲು ಸರಳುಗಳ ವಿಷಯ. ತಂತಿ ಬ್ರಷ್ ತಗೊಂಡು ಉಜ್ಜಿಸು. ಒಳಗೆ ಬೆಳ್ಳಗೆ ಹೊಳೆದರೆ ಮೇಲಿನ ತುಕ್ಕು ಅಷ್ಟೇ. ಸರಳೇ ಸಣಕಲಾಗಿದ್ದರೆ ಕತ್ತರಿಸಿಬಿಡು. ಬಾಲ್ಕನಿಯನ್ನು ಮತ್ತೆ ಕಟ್ಟಿಸಬೇಡ. ಆ ಮನೆಗೆ ಬಾಲ್ಕನಿ ಬೇಡ.

ಮಣ್ಣಿನ ಗಾರೆಯ ಕಲ್ಲುಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿಯಲು ಹೋಗುತ್ತಾರೆ, ಬಿಡಬೇಡ. ಒಳಗಿನ ತೇವಕ್ಕೆ ದಾರಿ ಇಲ್ಲದೆ ಎರಡೇ ವರ್ಷಕ್ಕೆ ಹೊಟ್ಟೆ ಉಬ್ಬಿ ಉದುರುತ್ತದೆ. ಸುಣ್ಣದ ಗಾರೆಯೇ ಇರಲಿ. ಬಾತ್‌ರೂಮಿನಲ್ಲಿ ಟೈಲ್ಸ್ ಹಾಕುವ ಮುಂಚೆ ನೆಲದಲ್ಲಿ ನೀರು ನಿಲ್ಲಿಸಿ ಮೂರು ದಿನ ಹಾಗೇ ಬಿಡು. ಕೆಳಗಿನ ಗೋಡೆ ಒದ್ದೆಯಾದರೆ ಆಗಲೇ ಗೊತ್ತಾಗುತ್ತದೆ. ಮೀಟರಿಗೆ, ಮಾರಿದವರ ತಂಗಿಯ ಒಪ್ಪಿಗೆ ಪತ್ರವೂ ಬೇಕಾಗಬಹುದು. ಖರೀದಿಯ ದಿನ ಆಕೆ ಕೊಪ್ಪಳದಿಂದ ಬಂದು ಸಹಿ ಮಾಡಿದ್ದರು, ವಿಳಾಸ ಕಬ್ಬಿಣದ ಟ್ರಂಕಿನ ಕಡತದಲ್ಲಿದೆ.

ಕಂಪ್ಲಿಗೆ ಹೋಗಿ ಜಂಬಯ್ಯನನ್ನೇ ಕರೆ. ಬರುವುದಿಲ್ಲ ಎನ್ನುತ್ತಾನೆ. ಆದರೂ ಕರೆ. ಆ ಮನೆಯ ಗೋಡೆಗಳು ಅವನಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ಯಾರೂ ಅವಸರ ಮಾಡುವುದು ಬೇಡ.

ಪೂಜಿತಾ ಗಣಿತದಲ್ಲಿ ಹಿಂದೆ ಬಿದ್ದಿದ್ದೇನೆ ಅಂದಳು. ಭಾಗಾಕಾರ ದಿನಕ್ಕೆ ಹತ್ತು ಮಾಡಿಸು.

ಸಿದ್ದಲಿಂಗೇಶ್


ಟಿ.ಬಿ. ಡ್ಯಾಂ
18 ಆಗಸ್ಟ್ 2024

ಪೂಜಿತಾಳ ಅಪ್ಪನಿಗೆ,

ಜಂಬಯ್ಯ ಬಂದಿದ್ದಾನೆ. ಎರಡು ಸಲ ಕಂಪ್ಲಿಗೆ ಹೋಗಿದ್ದೆ. ಮೊದಲನೇ ಸಲ ಕಟ್ಟೆಯಿಂದ ಏಳಲೂ ಇಲ್ಲ.

"ಅಮ್ಮಾರ, ಆ ಮನಿಗೆ ನನ್ನ ಕರೀಬ್ಯಾಡ್ರಿ. ಬ್ಯಾರೆ ಮಿಸ್ತ್ರಿನ್ನ ನೋಡ್ಕೊಳ್ರಿ," ಅಂದ.

"ಬ್ಯಾರೆ ಯಾರೂ ಬರವಲ್ರು ಜಂಬಯ್ಯ."

"ಯಾಕ ಬರತಾರ? ಸಾವ್ಕಾರ್ರು ಫೋನಿನಾಗ ಹೇಳ್ಯಾರ ಅಂತ ಬಾಲ್ಕನಿಗೆ ಕೊಟ್ಟ ಕಂಬ ಬಿಚ್ಚಿದೆ. ಇವತ್ತಿಗೂ ಆ ಸಪ್ಳ ಕಿವ್ಯಾಗ ಐತ್ರಿ. ಅವರು ಭಾಳ ತಿಳದವರು, ಅವರ ಬಾಯಾಗ ಅಂಥ ಮಾತು ಹ್ಯಾಂಗ ಬಂತೋ."

ನಾನು ಬಸ್ಸು ಹತ್ತಿದೆ. ಎರಡನೇ ಸಲ ಹೋದಾಗ, ನಿಮ್ಮ ಪತ್ರದಲ್ಲಿ ಅವನ ಬಗ್ಗೆ ಬರೆದ ಸಾಲನ್ನು ಓದಿ ಹೇಳಿದೆ. ಮರುದಿನ ಕರಣಿ, ತೂಗುಗುಂಡು ಹಿಡಿದು ತಾನೇ ಬಂದ.

ಸರಳುಗಳನ್ನು ಕತ್ತರಿಸಿದ್ದಾಯಿತು. ಸುಣ್ಣದ ಗಾರೆಗೆ ಮೂರು ವಾರದಿಂದ ಓಡಾಟ. ಸುಣ್ಣ ಅರೆಯುವವರು ಈಗ ಎಲ್ಲಿದ್ದಾರೆ ಹೇಳಿ. ಕಡೆಗೆ ಹಂಪಿಯಲ್ಲಿ ಹಳೇ ಗೋಡೆಗಳ ಕೆಲಸ ಮಾಡುವ ಒಬ್ಬರು ಸಿಕ್ಕರು. ಮಳೆ ಬಂದ ಎರಡು ದಿನ ಅಡುಗೆಮನೆಯ ಮೂಲೆ ಸೋರಿತು. ಜಂಬಯ್ಯ ಮೇಲೆ ಹತ್ತಿ ನೋಡಿದರೆ, ಪಕ್ಕದ ಮನೆಯವರ ಟ್ಯಾಂಕಿನ ನೀರೆಲ್ಲ ನಮ್ಮ ಗೋಡೆಗೆ ಇಳಿಯುತ್ತಿದೆ. ಹೇಳಲು ಹೋದರೆ ಆಕೆ, "ಮೊದಲು ಮನುಷ್ಯಾರು ಸತ್ತ ಮನಿಗೆ ಶಾಂತಿ ಮಾಡಿಸ್ರಿ, ಆಮ್ಯಾಲೆ ನಮ್ಮ ಟ್ಯಾಂಕಿನ ಮಾತು," ಅಂದರು. ಬಾಡಿಗೆಗೆ ಎಂದು ನೋಡಲು ಬಂದಿದ್ದ ಒಂದು ಸಂಸಾರ ಅದೇ ಹೊತ್ತಿಗೆ ಗೇಟಿನಲ್ಲಿ ನಿಂತಿತ್ತು. ಒಳಗೆ ಬರಲಿಲ್ಲ.

ಜಂಬಯ್ಯ ಎಲ್ಲ ಕೆಲಸ ಮಾಡುತ್ತಾನೆ, ಮುಂದಿನ ಬಾಗಿಲಿನಿಂದ ಮಾತ್ರ ಒಳಗೆ ಬರುವುದಿಲ್ಲ. ಹಿಂದಿನಿಂದ ಸುತ್ತಿ ಬರುತ್ತಾನೆ.

ನಿಮ್ಮ ಬೆನ್ನು ನೋವು ಹೇಗಿದೆ? ಕೇಳಿದರೆ ಹೇಳುವವರಲ್ಲ ನೀವು. ಆದರೂ ಕೇಳುತ್ತಿದ್ದೇನೆ.

ಕಾವ್ಯ


ಬಳ್ಳಾರಿ
22 ಸೆಪ್ಟೆಂಬರ್ 2024

ಕಾವ್ಯ,

ಬೆನ್ನು ಪರವಾಗಿಲ್ಲ. ಇಲ್ಲಿ ತೋಟದ ಕೆಲಸಕ್ಕೆ ಹಾಕಿದ್ದಾರೆ.

ಪಕ್ಕದವರೊಂದಿಗೆ ಜಗಳ ಬೇಡ. ಅವರ ಟ್ಯಾಂಕಿನ ಕೆಳಗೆ ನಾವೇ ಒಂದು ಪೈಪು ಕೊಟ್ಟು ನೀರನ್ನು ಚರಂಡಿಗೆ ತಿರುಗಿಸಿದರೆ ಮುಗಿಯಿತು.

ಮನೆ ನೋಡಲು ಬಂದವರು ತಿರುಗಿ ಹೋದರೆ ನೊಂದುಕೊಳ್ಳಬೇಡ. ತಪ್ಪು ನನ್ನದು. ಸ್ಲ್ಯಾಬಿನ ಮೇಲೆ ಗೋಡೆ ಎದ್ದು ಒಳಗಡೆ ಭಾರ ಬೀಳುವ ಮೊದಲು ಬಾಲ್ಕನಿಗೆ ಆನಿಸಿದ ಕಂಬ ತೆಗೆಯಬಾರದೆಂದು ಇಪ್ಪತ್ತು ವರ್ಷ ಈ ಕೆಲಸ ಮಾಡಿದ ನನಗೆ ಗೊತ್ತಿಲ್ಲವೇ? ಆ ಗುರುವಾರ ನಾನು ಸಂಡೂರಿನಿಂದ ಫೋನಿನಲ್ಲಿ ಜಂಬಯ್ಯನಿಗೆ ಹಾಗೆ ಹೇಳಿ ಕಳಿಸಬಾರದಿತ್ತು. ಅದಕ್ಕೆ ಇಲ್ಲಿದ್ದೇನೆ. ನೀನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಕೆಲಸ ಮುಗಿಸು.

ಪೂಜಿತಾಳ ಹಲ್ಲು ಬಿದ್ದಿತಂತೆ. ಫೋನಿನಲ್ಲಿ ಮಾತು ತೊದಲುತ್ತಿದ್ದಳು.

ಸಿದ್ದಲಿಂಗೇಶ್


ಟಿ.ಬಿ. ಡ್ಯಾಂ
3 ನವೆಂಬರ್ 2024

ನಿಮಗೆ,

ನಿಮ್ಮ ಪತ್ರ ಬಂದು ಒಂದು ತಿಂಗಳಾಯಿತು. ಅದರಲ್ಲಿರುವ ಒಂದು ವಾಕ್ಯವನ್ನು ದಿನಾ ಓದುತ್ತಿದ್ದೇನೆ. "ನಾನು ಸಂಡೂರಿನಿಂದ ಫೋನಿನಲ್ಲಿ ಜಂಬಯ್ಯನಿಗೆ ಹಾಗೆ ಹೇಳಿ ಕಳಿಸಬಾರದಿತ್ತು." ಪೊಲೀಸರಿಗೆ ಹೇಳಿದಿರಿ, ಕೋರ್ಟಿನಲ್ಲಿ ಹೇಳಿದಿರಿ. ನನಗೂ ಅದನ್ನೇ ಬರೆದಿದ್ದೀರಿ. ನಿಜ ಏನೆಂದು ನಮ್ಮಿಬ್ಬರಲ್ಲಿ ಒಬ್ಬರಿಗೂ ಗೊತ್ತಿಲ್ಲದ ಹಾಗೆ.

ಈ ಪತ್ರವನ್ನು ಅಲ್ಲಿ ಯಾರು ಬಿಚ್ಚಿ ಓದುತ್ತಾರೋ ಓದಲಿ.

ನೀವು ಫೋನ್ ಮಾಡಿರಲಿಲ್ಲ. ನಾನೂ ನಿಮಗೆ ಮಾಡಿರಲಿಲ್ಲ. ಸೋಮವಾರ ಬಾಡಿಗೆಗೆ ಬರಬೇಕಿದ್ದ ಇಂಜಿನಿಯರ ಮನೆಯವರು ಆ ಬೆಳಗ್ಗೆ ಬಂದು, ಮನೆಯ ಮುಂದೆ ಬಾಲ್ಕನಿಗೆ ಆನಿಸಿದ ಸೆಂಟ್ರಿಂಗ್ ಕಂಬಗಳು ಇನ್ನೂ ನಿಂತಿವೆಯಲ್ಲ, ಹೀಗಾದರೆ ಬೇರೆ ಮನೆ ನೋಡಿಕೊಳ್ಳುತ್ತೇವೆ ಅಂದರು. ಹಿಂದೆಯೇ ಸೆಂಟ್ರಿಂಗ್ ಸಾಮಾನಿನವನು ಬಂದು ತನ್ನ ಹಲಗೆ, ಕಂಬ ಬೇರೆ ಕಡೆ ಬೇಕು ಎಂದು ಕೂಗಾಡಿದ. ನಾನು ಜಂಬಯ್ಯನಿಗೆ ಕಂಬ ಬಿಚ್ಚಲು ಹೇಳಿದೆ. "ಸಾವ್ಕಾರ್ರನ್ನ ಒಂದು ಮಾತು ಕೇಳ್ರಿ ಅಮ್ಮಾರ," ಅಂದ. "ಕೇಳೀನಿ, ಬಿಚ್ಚು ಅಂದಾರ," ಅಂದೆ. ಇಷ್ಟೇ. ಅಷ್ಟು ಹೇಳಿ ಚಹಾ ಮಾಡಲು ಒಳಗೆ ಹೋದೆ. ರಾಮಾಂಜಿನಿಗೂ ಸೇರಿಸಿ ನಾಲ್ಕು ಲೋಟ ನೀರು ಇಟ್ಟಿದ್ದೆ.

ನೀವು ಸಂಡೂರಿನಿಂದ ಓಡಿ ಬಂದಾಗ ಜಂಬಯ್ಯ ಅಳುತ್ತಾ, "ನೀವು ಹೇಳಿದ್ರಂತ ಬಿಚ್ಚಿದ್ನಲ್ರಿ," ಅಂದ. ನೀವು ನನ್ನ ಮುಖ ನೋಡಿದಿರಿ. ಆಮೇಲೆ, "ಹೌದು, ನಾನೇ ಹೇಳಿದ್ದೆ," ಅಂದಿರಿ. ನಾನು ಬಾಯಿ ತೆರೆಯಲಿಲ್ಲ. ಮೂರು ವರ್ಷ ಎಂಟು ತಿಂಗಳು ತೆರೆಯಲಿಲ್ಲ.

ನಿನ್ನೆ ಜಂಬಯ್ಯನಿಗೆ ಹೇಳಿದೆ. ಬಾತ್‌ರೂಮಿನಲ್ಲಿ ಟೈಲ್ಸ್ ಕೂಡಿಸುತ್ತಿದ್ದ. ಕರಣಿಯನ್ನು ನೆಲದ ಮೇಲಿಟ್ಟು, ಕೈ ತೊಳೆದುಕೊಂಡು, ಹೊರಟುಹೋದ. ಅರ್ಧ ಗೋಡೆ ಹಾಗೇ ಇದೆ.

ಮೆಟ್ರಿಗೆ ಹೋಗಬೇಕೆಂದಿದ್ದೇನೆ, ರಾಮಾಂಜಿನಿಯ ಹೆಂಡತಿ ದುರುಗವ್ವನ ಮನೆಗೆ.

ಕಾವ್ಯ


ಟಿ.ಬಿ. ಡ್ಯಾಂ
9 ಜನವರಿ 2025

ನಿಮಗೆ,

ಉತ್ತರ ಬರಲಿಲ್ಲ. ಫೋನಿನಲ್ಲಿ ಪೂಜಿತಾಳೊಂದಿಗೆ ಮಾತಾಡಿ, ನಾನು ಕೈಗೆ ತೆಗೆದುಕೊಳ್ಳುವುದರೊಳಗೆ ಇಟ್ಟುಬಿಡುತ್ತೀರಿ. ಇರಲಿ. ನಡೆದದ್ದನ್ನು ನಿಮಗೆ ತಿಳಿಸದೆ ಇರಲಾರೆ.

ಜಂಬಯ್ಯ ಎಂಟು ದಿನ ಬಿಟ್ಟು ಬಂದ. ಟೈಲ್ಸ್ ಮುಗಿಸಿದ, ಚೌಕಟ್ಟು ಬದಲಿಸಿದ. ಸ್ಲ್ಯಾಬಿನ ಮೇಲೆ ಒಂದು ಕೋಣೆಯನ್ನೂ ಎಬ್ಬಿಸಿದ. ಕೊನೆಯ ದಿನ ಸಾಮಾನು ಚೀಲಕ್ಕೆ ತುಂಬುವಾಗ, "ನಾಲ್ಕು ವರ್ಷ ಸಾವ್ಕಾರ್ರನ್ನ ಬೈದೀನ್ರಿ. ಕೋರ್ಟಿನಾಗ ಕೈ ಮಾಡಿ ತೋರ್ಸೀನ್ರಿ," ಅಂದು ಹೋದ.

ಡಿಸೆಂಬರ್ ಕೊನೆಗೆ ಮೆಟ್ರಿಗೆ ಹೋದೆ. ದುರುಗವ್ವ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ಗುರುತು ಹಿಡಿಯಲಿಲ್ಲ.

"ಯಾರು ಬೇಕಾಗಿತ್ರಿ?"

"ನಾನು ಚಿತ್ತವಾಡಗಿ ಮನಿಯಾಕಿ."

ಕೈ ನಿಂತಿತು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಅವಳು ಕೇಳುವಷ್ಟೂ ಹೊತ್ತು ಭತ್ತವನ್ನೇ ನೋಡುತ್ತಿದ್ದಳು. ಅಳುತ್ತಾಳೆ, ಬೈಯುತ್ತಾಳೆ, ಹೊಡೆದರೂ ಹೊಡೆಯಬಹುದು ಎಂದುಕೊಂಡು ಹೋಗಿದ್ದೆ. ಯಾವುದೂ ಇಲ್ಲ.

"ನೀವು ಹೇಳಿದ್ರಿ, ಅವರು ಬಿಚ್ಚಿದ್ರು. ಆತು," ಅಂದಳು. "ಮತ್ತ ಕೋರ್ಟಿನಾಗ ನನ್ನ ಗಂಡ ಕುಡುದು ಬಂದು ಅಡ್ಡಾದಿಡ್ಡಿ ಕಂಬ ಕಿತ್ತಾನ ಅಂತ ಯಾಕ ಹೇಳ್ಸಿದ್ರಿ?"

"ಅದು ವಕೀಲರು..."

"ವಕೀಲಗೇನು ಗೊತ್ತಿತ್ರಿ ನನ್ನ ಗಂಡನ ಸಂಗ್ತಿ? ಯಾರಾರ ಹೇಳಿರಬೇಕಲ್ಲ."

ಅವಳು ಕೈ ಕೊಡವಿ ಎದ್ದಳು.

"ಎಲಿ ಅಡಿಕಿ ಸೈತ ಮುಟ್ಟಿದಾಂವಲ್ಲ. ಜಡ್ಜ್ ಸಾಹೇಬ್ರು ನಂಬಲಿಲ್ಲ ಬಿಡ್ರಿ, ಊರು ನಂಬೇತಿ. ಮಗನ್ನ ಸಾಲ್ಯಾಗ ಕುಡುಕನ ಮಗ ಅಂತಾರ. ಮೈದುನಗೋಳು ನನ್ನ ಬಾಯಿ ಮುಚ್ಚಿಸ್ಬೇಕಂದ್ರ ಅದೊಂದ ಮಾತು ಅಂತಾರ. ನೀವು ಬಂದು ನನ್ನ ಕಿವ್ಯಾಗ ಹೇಳಿದ್ರ ನನಗೇನು ಬಂತು? ಬರ್ರಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ನಡೆದಳು. ಗುಡಿಯ ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ ಗಂಡಸರು ಕೂತಿದ್ದರು, ಅವರಲ್ಲಿ ಅವಳ ಮೈದುನರೂ ಇದ್ದರು. "ಹೇಳ್ರಿ ಇವರಿಗೆ," ಅಂದಳು. ಹೇಳಿದೆ. ಹೆಸರು ಹೇಳಿದೆ, ಊರು ಹೇಳಿದೆ, ಕಂಬ ಬಿಚ್ಚಿಸಿದವಳು ನಾನು, ರಾಮಾಂಜಿನಿ ಹೇಳಿದ ಕೆಲಸ ಮಾಡುತ್ತಿದ್ದ, ಕುಡಿದಿರಲಿಲ್ಲ ಅಂದೆ. ನನ್ನ ದನಿ ಸಣ್ಣದಾಯಿತೆಂದು ಅವಳು, "ಜೋರಾಗಿ ಹೇಳ್ರಿ, ದೊಡ್ಡಬಸಪ್ಪಜ್ಜಗ ಕಿವಿ ಕೇಳಂಗಿಲ್ಲ," ಅಂದಳು. ಇನ್ನೊಮ್ಮೆ ಹೇಳಿದೆ.

ದುರುಗವ್ವ ನನ್ನ ಕಡೆ ತಿರುಗಿ, "ಇನ್ನ ಹೋಗ್ರಿ. ಬಸ್ಸಿನ ಹೊತ್ತಾತು," ಅಂದಳು. ಕುಡಿಯಲು ನೀರು ಬೇಕೇ ಎಂದು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮನೆ ಮುಗಿದಿದೆ. ಸುಣ್ಣ ಬಳಿಸಿದ್ದೇನೆ. ನೋಡಲು ಬಂದವರಿಗೆಲ್ಲ ಬಾಗಿಲು ತೆಗೆಯುವ ಮುಂಚೆಯೇ ಇಲ್ಲಿ ಏನಾಯಿತೆಂದು ನಾನೇ ಹೇಳುತ್ತೇನೆ. ನಾಲ್ಕು ಜನ ಕೇಳಿಸಿಕೊಂಡು ಹೋದರು.

ಕಾವ್ಯ


ಬಳ್ಳಾರಿ
16 ಫೆಬ್ರವರಿ 2025

ಕಾವ್ಯ,

ನಿನ್ನ ಎರಡೂ ಪತ್ರ ತಲುಪಿವೆ. ಬಿಚ್ಚಿ ಓದಿದವರು ಏನೂ ಅನ್ನಲಿಲ್ಲ, ಮಡಚಿ ಕೈಗಿಟ್ಟರು.

ಮೊದಲನೆಯದನ್ನು ಓದಿದಾಗ ನಿನ್ನ ಮೇಲೆ ಸಿಟ್ಟು ಬಂದಿತ್ತು. ನಾನು ಇಲ್ಲಿ ಬಂದು ಕೂತದ್ದು ಇದಕ್ಕೇನೆ? ಪೂಜಿತಾಗೆ ಆಗ ಆರು ವರ್ಷ. ತಾಯಿ ಜೈಲಿಗೆ ಹೋಗಬಾರದು ಎನ್ನುವುದಷ್ಟೇ ನನ್ನ ತಲೆಯಲ್ಲಿತ್ತು. ನಿನ್ನನ್ನು ಒಂದು ಮಾತೂ ಕೇಳಲಿಲ್ಲ. ನೀನು ಸುಮ್ಮನಿದ್ದದ್ದು ನೋಡಿ ನಿನಗೂ ಅದೇ ಬೇಕಾಗಿದೆ ಎಂದುಕೊಂಡೆ. ಆಮೇಲೆ ಪ್ರತಿ ಸಲ ನೀನು ಊಟಕ್ಕೆ ಬಡಿಸುವಾಗ, ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾಯುತ್ತಿದ್ದೆ. ನೀನು ಪಲ್ಯ ಬೇಕೇ ಎನ್ನುತ್ತಿದ್ದೆ. ನಿನ್ನ ಮೌನದ ಜೊತೆ ಬದುಕುವುದಕ್ಕಿಂತ ಜೈಲೇ ಹಗುರ ಎಂದು ಇಲ್ಲಿಗೆ ಬಂದ ಮೊದಲ ವಾರ ಅನಿಸಿತ್ತು. ಇದನ್ನು ನಿನಗೆ ಬರೆಯಬಾರದು ಎಂದುಕೊಂಡಿದ್ದೆ.

ಎರಡನೇ ಪತ್ರ ಓದಿದ ಮೇಲೆ ಸಿಟ್ಟು ಇಲ್ಲ. ದುರುಗವ್ವ ನಿನ್ನನ್ನು ಕೇಳಿದ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇದೆ.

ವಿಚಾರಣೆಯ ಹಿಂದಿನ ದಿನ ವಕೀಲರು, "ಸತ್ತವನಿಗೆ ಕುಡಿಯೋ ಚಟ ಏನಾದ್ರೂ ಇತ್ತೇನ್ರಿ?" ಎಂದು ಕೇಳಿದರು. ಇರಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆರು ವರ್ಷ ನನ್ನ ಜೊತೆ ಕೆಲಸ ಮಾಡಿದವನು. "ಇದ್ದಿರಬಹುದ್ರಿ," ಅಂದೆ. ಅಷ್ಟೇ ಅಂದದ್ದು. ಮರುದಿನ ಅವರು ಅದನ್ನು ದೊಡ್ಡದು ಮಾಡಿ ಹೇಳುವಾಗ ದುರುಗವ್ವ ಹಿಂದಿನ ಬೆಂಚಿನ ಮೇಲಿದ್ದಳು. ನಾನು ತಲೆಯೆತ್ತಲಿಲ್ಲ.

ಎಲ್ಲರೂ ನನ್ನನ್ನು ಹೆಂಡತಿಗಾಗಿ ಜೈಲಿಗೆ ಹೋದವನು ಎಂದು ಇನ್ನು ಮುಂದೆ ಹೇಳಬಹುದು. ಜಂಬಯ್ಯ ಹೇಳುತ್ತಾನೆ, ನೋಡು. ನಾನು ಅಂಥವನಲ್ಲ. ನಿನ್ನದು ಒಂದು ಗಳಿಗೆಯ ಅವಸರ. ನಾನು ಕೂತು ಯೋಚಿಸಿ ಆಡಿದ ಮಾತು ಅದು. ಅದಕ್ಕೆ ಯಾರೂ ನನಗೆ ಶಿಕ್ಷೆ ಕೊಟ್ಟಿಲ್ಲ.

ಮೇ ಮೊದಲ ವಾರ ಬಿಡುತ್ತಾರೆ. ಗೇಟಿಗೆ ಬರಬೇಡ. ನಾನು ಮೆಟ್ರಿಗೆ ಹೋಗಬೇಕು.

ಸಿದ್ದಲಿಂಗೇಶ್


ಚಿತ್ತವಾಡಗಿ, ಹೊಸಪೇಟೆ
15 ಜೂನ್ 2025

ಪೂಜಿತಾಳ ಅಪ್ಪನಿಗೆ,

ಸಂಡೂರಿನ ಈ ವಿಳಾಸವನ್ನು ಜಂಬಯ್ಯ ಕೊಟ್ಟ. ಗಣಿ ಕಂಪನಿಯ ಕ್ವಾರ್ಟರ್ಸ್ ಕಟ್ಟುವಲ್ಲಿ ಕೂಲಿಗೆ ಗೋಡೆ ಕಟ್ಟುತ್ತಿದ್ದೀರಂತೆ. ಇಪ್ಪತ್ತು ಜನರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದವರು.

ಬರಬೇಡ ಎಂದಿದ್ದಿರಿ. ಆದರೂ ಗೇಟಿಗೆ ಬಂದಿದ್ದೆ. ನಾನು ಬಂದ ಬಸ್ಸು ತಡವಾಯಿತು. ಆಗಲೇ ಹೋದರು ಅಂದರು.

ಮೆಟ್ರಿಯಲ್ಲಿ ಏನಾಯಿತೆಂದು ಜಂಬಯ್ಯನಿಂದ ಕೇಳಿದೆ. ಅದೇ ಕಟ್ಟೆಯ ಮುಂದೆ ನಿಂತು, ವಕೀಲರ ಬಾಯಿಗೆ ಆ ಮಾತು ಕೊಟ್ಟವನು ನಾನು ಅಂದಿರಂತೆ. ದುರುಗವ್ವ ಹೊರಗೆ ಬರಲೇ ಇಲ್ಲವಂತೆ. ಅವಳ ಮಗ ಬಾಗಿಲಲ್ಲಿ ನಿಂತು ಕೊನೆಯವರೆಗೂ ಕೇಳಿಸಿಕೊಂಡನಂತೆ. ನೀವು ಸಂಜೆವರೆಗೆ ಅಂಗಳದಲ್ಲಿ ಕೂತಿದ್ದು, ಕೊನೆಯ ಬಸ್ಸಿಗೆ ಎದ್ದಿರಂತೆ. ಆ ಬಸ್ಸು ಹೊಸಪೇಟೆಯ ಮೇಲೆಯೇ ಹೋಗುತ್ತದೆ. ಇಳಿಯಲಿಲ್ಲ ನೀವು.

ಚಿತ್ತವಾಡಗಿ ಮನೆಯ ಕೆಳಭಾಗಕ್ಕೆ ಬಾಡಿಗೆಗೆ ಬಂದಿದ್ದಾರೆ. ಕಾಲುವೆ ಆಫೀಸಿಗೆ ವರ್ಗವಾಗಿ ಬಂದ ಕಮಲಾಕರ ಎನ್ನುವವರು, ಹೆಂಡತಿ, ಒಂದು ಕೂಸು. ಎಲ್ಲ ಹೇಳಿದೆ. ಆಕೆ ಗಂಡನ ಮುಖ ನೋಡಿ, "ನೀರು ಎರಡೂ ಹೊತ್ತು ಬರತದೇನ್ರಿ?" ಎಂದು ಕೇಳಿದರು. ಮೇಲಿನ ಒಂದು ಕೋಣೆಗೆ ನಾನೂ ಪೂಜಿತಾಳೂ ಬಂದುಬಿಟ್ಟಿದ್ದೇವೆ, ಡ್ಯಾಂ ಮನೆ ಬಿಟ್ಟೆ. ಮೊದಲ ಬಾಡಿಗೆ ಕೈಗೆ ಬಂದ ದಿನ ಏನೋ ಮಾಡಬೇಕೆಂದು ನಾವಿಬ್ಬರೂ ಆಗ ಮಾತಾಡಿಕೊಂಡಿದ್ದೆವು. ಏನೆಂದು ಎಷ್ಟು ನೆನೆಸಿಕೊಂಡರೂ ನೆನಪಿಗೆ ಬರಲಿಲ್ಲ.

ಒಂದು ವಿಷಯ ನಿಮಗೆ ಹೇಳಿಲ್ಲ. ಈ ಒಂದು ವರ್ಷ ಪೂಜಿತಾಗೆ ನೀವು ಸಂಡೂರಿನ ಗಣಿಯಲ್ಲಿ ಕೆಲಸಕ್ಕಿದ್ದೀರಿ ಎಂದೇ ಹೇಳುತ್ತಾ ಬಂದೆ. ಹೋಗೋಣ ಎಂದಾಗೆಲ್ಲ, ಗಣಿಯ ಒಳಗೆ ಮಕ್ಕಳನ್ನು ಬಿಡುವುದಿಲ್ಲ ಅನ್ನುತ್ತಿದ್ದೆ. ಒಂದು ಸಲವೂ ನಾಲಿಗೆ ತಡವರಿಸಲಿಲ್ಲ. ಮೊನ್ನೆ ಮತ್ತೆ, "ಅಮ್ಮಾ, ಅಪ್ಪ ಇನ್ನಾ ಸಂಡೂರಾಗ ಅದಾರೇನು?" ಅಂದಳು. ಹೌದು ಅಂದೆ. ಈ ಸಲ ಅದು ನಿಜ, ಆದರೆ ಹೇಳುವಾಗ ತಡವರಿಸಿದೆ. ಅವಳು ನನ್ನನ್ನೇ ನೋಡುತ್ತಾ, "ಸಂಡೂರು ಇಲ್ಲೇ ಐತಲ್ಲ. ಎಲ್ಲರೂ ಹೋಗಿ ಬರತಾರ," ಅಂದಳು.

ಇನ್ನು ಅವಳಿಗೆ ಹೇಳಲು ನನ್ನ ಹತ್ತಿರ ಏನೂ ಉಳಿದಿಲ್ಲ. ಬರುವ ಭಾನುವಾರ ಒಂಬತ್ತರ ಬಸ್ಸಿಗೆ ಕರೆದುಕೊಂಡು ಬರುತ್ತೇನೆ. ನೀವು ನನ್ನೊಡನೆ ಮಾತಾಡಬೇಕೆಂದಿಲ್ಲ. ಅವಳನ್ನು ಕರೆದುಕೊಂಡು ಹೋಗಿ, ಏನಾದರೂ ತಿನ್ನಿಸಿ, ಸಂಜೆಗೆ ತಂದು ಬಿಡಿ. ಅಲ್ಲಿಯವರೆಗೆ ನಾನು ಸಂಡೂರು ಬಸ್ ಸ್ಟ್ಯಾಂಡಿನಲ್ಲೇ ಕೂತಿರುತ್ತೇನೆ.

ಕಾವ್ಯ